ಬಾಗಿಲಿಗೆ ಕಟ್ಟಿದ ಕರಿಬೇವು

ಇದು ನಿಮ್ಮಿಬ್ಬರಿಗೂ ಐದು ತುಂಬಿದ ವರ್ಷದ ಮಾತು. ಒಬ್ಬಳು ಡೌನರ್ಸ್ ಗ್ರೋವ್‌ನಲ್ಲಿರುವ ನನ್ನ ಮಗಳ ಮಗಳು, ಇನ್ನೊಬ್ಬ ವಿಕ್ಸಮ್‌ನಲ್ಲಿರುವ ನನ್ನ ಮಗನ ಮಗ. ಬರೆಯುವಾಗಲೂ ನಿಮ್ಮನ್ನು ಮನೆಯಲ್ಲಿ ಕರೆಯುವ ಹಾಗೆ ಪುಟ್ಟಿ, ಮರಿ ಎಂದೇ ಕರೆಯುತ್ತೇನೆ. ಆ ಬೇಸಿಗೆಯಲ್ಲಿ ಅಜ್ಜಿ ಮುಂಬಾಗಿಲಿಗೆ ಸೊಪ್ಪು ಕಟ್ಟಿ ಮನೆಮಂದಿಗೆಲ್ಲ ಸಪ್ಪೆ ಸಾರು ಉಣ್ಣಿಸಿದಳು ಎಂದು ಪುಟ್ಟಿ ಈಗಲೂ ಬಂದವರ ಮುಂದೆ ಹೇಳಿ ನಗಿಸುತ್ತಾಳೆ. ನಗಲಿ. ಆದರೆ ಯಾಕೆ ಕಟ್ಟಿದೆ ಎಂಬುದು ಅವಳಿಗೆ ಗೊತ್ತಿಲ್ಲ. ಅವಳ ಅಮ್ಮನನ್ನು ಕೇಳಿ, ಅವಳು ಬರೆಯಮ್ಮ ಅಂದ ಮೇಲೆಯೇ ಬರೆಯುತ್ತಿದ್ದೇನೆ.

ನಾನು ಊರಿನ ಶಾಲೆಯಲ್ಲಿ ಓದಿದವಳು, ಅದೂ ಏಳನೆಯ ತರಗತಿಯವರೆಗೆ. ನಾಲ್ಕು ಜನರ ಮುಂದೆ ಮಾತಾಡಬೇಕೆಂದರೆ ಈ ವಯಸ್ಸಿನಲ್ಲೂ ಗಂಟಲು ಕಟ್ಟುತ್ತದೆ. ನಿಮ್ಮ ತಾತ ಇದ್ದಾಗ ಬ್ಯಾಂಕಿರಲಿ, ಆಸ್ಪತ್ರೆಯಿರಲಿ, ಮಾತೆಲ್ಲ ಅವರದೇ. ಪಕ್ಕದಲ್ಲಿ ಸೆರಗು ಸರಿಮಾಡಿಕೊಳ್ಳುತ್ತಾ ನಿಲ್ಲುವುದು ನನ್ನ ಕೆಲಸ. ಅವರು ಹೋದ ಮೇಲೆ ಮಗ ಅಮೆರಿಕಕ್ಕೆ, ವಿಕ್ಸಮ್‌ಗೆ ಕರೆಸಿಕೊಂಡ. ಚಳಿಗಾಲವೆಲ್ಲ ಅವನ ಮನೆ, ಬೇಸಿಗೆಗೆ ಮಗಳ ಮನೆ. ಎರಡು ಮನೆಗಳ ನಡುವೆ ಅರ್ಧ ಹಗಲಿನ ಡ್ರೈವು. ಮಗಳ ಕಡೆ ಹೋಗುವಾಗ ದಾರಿಯಲ್ಲೆಲ್ಲೋ ಗಡಿಯಾರ ಒಂದು ಗಂಟೆ ಹಿಂದೆ ಸರಿಯುತ್ತದೆ. ಹೊರಟ ಮನೆಯಲ್ಲಿ ಊಟದ ಹೊತ್ತಾಗಿದ್ದರೆ ತಲುಪಿದ ಮನೆಯಲ್ಲಿ ಇನ್ನೂ ಅಡುಗೆಯೇ ಆಗಿರುವುದಿಲ್ಲ.

ಮೊದಲು ಮರಿಯ ವಿಷಯ. ವರ್ಷ ತುಂಬುವ ಮೊದಲೇ ಅವನಿಗೆ ಮೂತ್ರಪಿಂಡದ ಕಾಯಿಲೆ ಕಾಣಿಸಿಕೊಂಡಿತ್ತು. ಬೆಳಿಗ್ಗೆ ಎದ್ದರೆ ಮುಖ ಊದಿಕೊಂಡು ಕಣ್ಣು ಬಿಡಲಾಗುತ್ತಿರಲಿಲ್ಲ. ಅದಕ್ಕೆ ಕೊಡುವ ಔಷಧಿ ಕಾಯಿಲೆಯನ್ನು ಹಿಡಿದಿಡುತ್ತದೆ, ಜೊತೆಗೆ ಮೈಯ ಕಾವಲನ್ನೂ ತಗ್ಗಿಸುತ್ತದೆ. ಹಾಗಾಗಿ ಬೇರೆ ಲಸಿಕೆಗಳನ್ನು ಕೊಟ್ಟರೂ ದಡಾರದ್ದನ್ನು ಕೊಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಇಲ್ಲಿ ಲಸಿಕೆಯಾಗದ ಮಕ್ಕಳನ್ನು ಶಾಲೆ ಸೇರಿಸಿಕೊಳ್ಳುವುದಿಲ್ಲ. ಕಿಂಡರ್‌ಗಾರ್ಟನ್‌ಗೆ ಸೇರಿಸುವ ಹೊತ್ತಿಗೆ ಅವರೇ ವಿನಾಯಿತಿ ಬರೆದುಕೊಟ್ಟರು. ಮಗ ಡಿಯರ್‌ಬಾರ್ನ್‌ನ ಆಫೀಸಿನಿಂದ ನೇರ ಆಸ್ಪತ್ರೆಗೆ ಹೋಗಿ ಆ ಕಾಗದ ತಂದ. ಸೊಸೆ ಅದನ್ನು ಊಟದ ಮೇಜಿನ ಮೇಲಿಟ್ಟುಕೊಂಡು ತುಂಬ ಹೊತ್ತು ಕೂತಿದ್ದಳು.

“ಎಲ್ಲಾ ಮಕ್ಕಳಿಗೂ ಸಿಗೋದು ಇವನಿಗೆ ಸಿಗಲ್ಲ ಅಂತ ಸರ್ಟಿಫಿಕೇಟು ಇದು, ಅತ್ತೆ,” ಅಂದಳು.

ಶಾಲೆಯ ನರ್ಸ್ ಕೂಡ ಫೋನ್ ಮಾಡಿದ್ದಳು. ಶಾಲೆಯಲ್ಲಿ ಯಾರಿಗಾದರೂ ದಡಾರ ಬಂದರೆ ನಾವು ಹೇಳುವ ತನಕ ಹುಡುಗನನ್ನು ಮನೆಯಲ್ಲೇ ಇಟ್ಟುಕೊಳ್ಳಿ, ತರಗತಿಯ ಉಳಿದ ಮಕ್ಕಳು ಲಸಿಕೆ ಹಾಕಿಸಿಕೊಂಡಿರುವುದೇ ಅವನಿಗೆ ಕಾವಲು ಎಂದಳಂತೆ. ಆ ವರ್ಷ ಟಿವಿಯಲ್ಲಿ ದಡಾರದ ಸುದ್ದಿ ಮತ್ತೆ ಮತ್ತೆ ಬರುತ್ತಿತ್ತು. ಸೊಸೆ ಅಂಗಡಿಗೂ ಮಗುವನ್ನು ಕರೆದೊಯ್ಯುತ್ತಿರಲಿಲ್ಲ. ಎಲ್ಲಿಗೂ ಹೋಗದ ಆ ಹುಡುಗನಿಗೆ ಇದ್ದ ಒಂದೇ ಹುರುಪೆಂದರೆ ಜುಲೈ ನಾಲ್ಕರ ರಜೆಗೆ ಡೌನರ್ಸ್ ಗ್ರೋವ್‌ಗೆ ಹೋಗಿ ಪುಟ್ಟಿಯ ಜೊತೆ ಇರುವುದು.

ಜೂನ್‌ನಲ್ಲಿ ಮಗ ನನ್ನನ್ನು ಮಗಳ ಮನೆಗೆ ಬಿಟ್ಟು ಹೋದ. ಅಲ್ಲೂ ಶಾಲೆಯದೇ ಮಾತು. ಪುಟ್ಟಿಗೆ ಒಂದು ಲಸಿಕೆಯೂ ಪೂರ್ತಿಯಾಗಿಲ್ಲ, ದಡಾರದ್ದಂತೂ ಹಾಕಿಸಿಯೇ ಇಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ. ಅವಳು ಇನ್ನೂ ವರ್ಷ ತುಂಬದ ಕೂಸಾಗಿದ್ದಾಗ ಯಾವುದೋ ಸೂಜಿ ಹಾಕಿಸಿದ ಸಂಜೆ ಜ್ವರ ಏರಿ ಫಿಟ್ಸ್ ಬಂದಿತ್ತು. ಅದು ಜ್ವರಕ್ಕೆ ಬರುವ ಫಿಟ್ಸು, ಕೆಲವು ಮಕ್ಕಳಿಗೆ ಬರುತ್ತದೆ, ಅದರಿಂದ ಮಗುವಿಗೆ ಏನೂ ಊನವಾಗಿಲ್ಲ ಎಂದು ಡಾಕ್ಟರು ಹೇಳಿದ್ದರೂ ಮಗಳ ಮನಸ್ಸು ಒಪ್ಪಿರಲಿಲ್ಲ. ಮುಂದಿನ ತಿಂಗಳು, ಮುಂದಿನ ತಿಂಗಳು ಎಂದು ತಳ್ಳುತ್ತಾ ಬಂದಿದ್ದಳು. ಮನೆಯಿಂದಲೇ ಆಫೀಸು ಕೆಲಸ ಮಾಡುತ್ತಿದ್ದದ್ದರಿಂದ ಪುಟ್ಟಿಯನ್ನು ಎಲ್ಲೂ ಸೇರಿಸದೆ ಸಾಗಿಸಿದ್ದಳು. ಒಡಹುಟ್ಟಿದವರಿಗೂ ಇಂಥದ್ದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅವಳು ತಮ್ಮನಿಗೂ ಹೇಳಿರಲಿಲ್ಲ.

ಈಗ ಶಾಲೆಗೆ ಸೇರಿಸಲೇಬೇಕಿತ್ತು. ಫಿಟ್ಸ್‌ನ ಕಾರಣಕ್ಕೆ ವಿನಾಯಿತಿ ಬರೆದುಕೊಡಿ ಎಂದು ಡಾಕ್ಟರನ್ನು ಕೇಳಿದ್ದಳು. ಅದು ಕಾರಣವಾಗುವುದಿಲ್ಲ ಎಂದು ಅವರು ಒಪ್ಪಲಿಲ್ಲ. ಅವಳ ಫೋನಿನಲ್ಲಿ ಇಂಥದ್ದೇ ಅಮ್ಮಂದಿರ ಒಂದು ಗುಂಪಿತ್ತು. ಅವರು ಇನ್ನೊಂದು ದಾರಿ ತೋರಿಸಿದರು. ಮಗಳಿರುವ ಇಲಿನಾಯ್ ರಾಜ್ಯದಲ್ಲಿ ಧರ್ಮದ ಕಾರಣಕ್ಕೂ ವಿನಾಯಿತಿ ಉಂಟು. ಯಾವ ನಂಬಿಕೆಯಿಂದ ಬೇಡವೆನ್ನುತ್ತೇವೆ ಎಂದು ತಂದೆತಾಯಿ ಬರೆಯಬೇಕು. ತಿಳಿಹೇಳಿದ್ದೇನೆ ಎಂದು ಡಾಕ್ಟರು ಸಹಿ ಹಾಕಬೇಕು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ಮಗಳು ಲ್ಯಾಪ್‌ಟಾಪ್ ತಂದು ಎದುರಿಗೆ ಕೂತು, ನಿಮ್ಮೂರಲ್ಲಿ ದಡಾರ ಬಂದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದಳು. ನನ್ನನ್ನು ಹೀಗೆ ಕೂರಿಸಿಕೊಂಡು ಊರಿನ ಮಾತು ಕೇಳುವವರು ಯಾರಿದ್ದಾರೆ? ಖುಷಿಯಿಂದಲೇ ಹೇಳಿದೆ.

ದಡಾರವನ್ನು ದಡಾರ ಅನ್ನುತ್ತಿರಲಿಲ್ಲ, ಅಮ್ಮ ಬಂದವಳೆ ಅನ್ನುತ್ತಿದ್ದರು. ಬಂದವಳು ಮಾರಮ್ಮ, ಮನೆಗೆ ಬಂದ ನೆಂಟಳು. ಅವಳಿಗೆ ಬಿಸಿ ಆಗದು. ಔಷಧಿ ಕೊಡುತ್ತಿರಲಿಲ್ಲ. ಒಲೆಯ ಮೇಲೆ ಒಗ್ಗರಣೆ ಚುರ್ ಅನ್ನಬಾರದು, ಮನೆಯಲ್ಲಿ ಜಗಳ ಆಡಬಾರದು. ಮಗುವಿಗೆ ಮೊಸರನ್ನ, ಎಳನೀರು. ಬಾಗಿಲಿಗೆ ಬೇವಿನ ಸೊಪ್ಪು. ಮೈಯೆಲ್ಲ ಆರಿ ಮೂರು ಸಲ ತಲೆಗೆ ನೀರು ಹಾಕಿದ ಮೇಲೆ ಗುಡಿಗೆ ಮೊಸರನ್ನದ ತಂಪು ಒಯ್ದು, ಹೋಗಿ ಬಾ ತಾಯಿ ಅನ್ನುವುದು. ನಾನು ಹೇಳುತ್ತಾ ಹೋದೆ, ಅವಳು ಟೈಪ್ ಮಾಡುತ್ತಾ ಹೋದಳು. ಬೇವಿನ ಸೊಪ್ಪಿನ ಹೊತ್ತಿಗೆ ಅವಳ ಬೆರಳು ನಿಂತಿತ್ತು. ಅವಳಿಗೆ ಬೇಕಿದ್ದದ್ದು ಅಷ್ಟರಲ್ಲೇ ಸಿಕ್ಕಿತ್ತು ಎಂದು ಆಗ ನನಗೆ ಹೊಳೆಯಲಿಲ್ಲ.

ಬರೆದದ್ದನ್ನು ಅವಳೇ ಕನ್ನಡದಲ್ಲಿ ಹೇಳಿದಳು. ನಮ್ಮ ಮನೆತನದಲ್ಲಿ ಈ ಕಾಯಿಲೆ ದೇವಿಯ ಬರವು, ಅದನ್ನು ಔಷಧಿಯಿಂದ ತಡೆಯುವುದು ನಮ್ಮ ಧರ್ಮಕ್ಕೆ ವಿರುದ್ಧ ಎಂದು. ಹಿರಿಯರೊಬ್ಬರು ಜೊತೆಗಿದ್ದರೆ ಡಾಕ್ಟರು ಹೆಚ್ಚು ಕೆದಕುವುದಿಲ್ಲ ಎಂದು ಆ ಗುಂಪಿನವರು ಹೇಳಿದ್ದರಂತೆ.

“ನೀನು ಮಾತಾಡೋದೇನೂ ಬೇಡಮ್ಮ. ಕೇಳಿದ್ರೆ ಹೌದು ಅಂತ ತಲೆ ಆಡಿಸು, ಸಾಕು,” ಅಂದಳು.

ನಾನು ಸೊಪ್ಪು ಬಿಡಿಸುತ್ತಲೇ ಇದ್ದೆ. ನಾನು ಸುಮ್ಮನಿದ್ದರೆ ಒಪ್ಪಿಗೆ ಎಂದು ಇಡೀ ಜೀವಮಾನ ಎಲ್ಲರೂ ತಿಳಿದಿದ್ದಾರೆ, ಅವಳೂ ಹಾಗೆಯೇ ತಿಳಿದು ಎದ್ದು ಹೋದಳು. ಮೆಂತ್ಯ ಜಗಿದವಳ ಹಾಗೆ ಬಾಯಿ ಕಹಿಯಾಯಿತು.

ಮರುದಿನ ಬೆಳಿಗ್ಗೆ ಬಡಾವಣೆಯ ಕೊಳದ ಸುತ್ತ ನಡೆಯುವಾಗ ನಮ್ಮವ್ವ ನೆನಪಾದಳು. ನನ್ನ ತಮ್ಮನಿಗೆ ಅಮ್ಮ ಬಂದಾಗ ಅವಳು ಮೊದಲು ಮಾಡಿದ ಕೆಲಸ ಬಾಗಿಲಿಗೆ ಬೇವು ಕಟ್ಟಿದ್ದು. ಸೊಪ್ಪು ಕಂಡರೆ ಯಾರೂ ಹೊಸಿಲು ದಾಟುತ್ತಿರಲಿಲ್ಲ. ನಾವೂ ಇನ್ನೊಬ್ಬರ ಹೊಸಿಲು ತುಳಿಯುವಂತಿರಲಿಲ್ಲ. ನನ್ನನ್ನು ಶಾಲೆಗೆ ಕಳಿಸಲಿಲ್ಲ. ಎದುರು ಮನೆಯಲ್ಲಿ ಬಾಣಂತಿಯಿದ್ದಳು. ಅವ್ವ ಆ ದಿಕ್ಕಿಗೆ ನಮ್ಮ ಬಟ್ಟೆಯನ್ನೂ ಒಣಗಹಾಕಲಿಲ್ಲ. ನಮ್ಮ ಮನೆಗೆ ಬಂದ ತಾಯಿಯನ್ನು ನಾವೇ ಸುಧಾರಿಸಿಕೊಳ್ಳಬೇಕು, ಕೂಸಿರುವ ಮನೆಗೆ ಕೈಹಿಡಿದು ಕರೆದೊಯ್ಯಬಾರದು ಎನ್ನುತ್ತಿದ್ದಳು.

ಇನ್ನೂ ಒಂದು ನೆನಪಾಯಿತು. ಊರಿಗೆ ಸೂಜಿ ಹಾಕುವವರು ಬಂದು ಮಾರಮ್ಮನ ಗುಡಿಯ ಜಗಲಿಯ ಮೇಲೆಯೇ ಪೆಟ್ಟಿಗೆ ತೆರೆದು ಕೂರುತ್ತಿದ್ದರು. ಅವ್ವನಿಗೆ ಸೂಜಿಯೆಂದರೆ ಬಲು ಹೆದರಿಕೆ. ಒಳಗೆ ಹೋಗಿ, ಹಾಕಿಸಲೋ ಬೇಡವೋ ಎಂದು ದೇವಿಯ ಮುಂದೆ ಹೂ ಕೇಳಿದಳು. ಬಲಕ್ಕೆ ಹೂ ಬಿದ್ದದ್ದೇ ಸೆರಗಿಗೆ ಕಟ್ಟಿಕೊಂಡು ಹೊರಬಂದು ನಮ್ಮನ್ನೆಲ್ಲ ಸಾಲಿನಲ್ಲಿ ನಿಲ್ಲಿಸಿದಳು. ದೇವಿ ಒಳಗೆ, ಸೂಜಿ ಹೊರಗೆ. ನಡುವೆ ಯಾರಿಗೂ ಜಗಳ ಕಾಣಲಿಲ್ಲ.

ಆ ಅವ್ವನ ಹೆಸರಿನಲ್ಲಿ ನಾನು ಡಾಕ್ಟರ ಮುಂದೆ ತಲೆಯಾಡಿಸಬೇಕು. ಕೊಳದ ಬಳಿಯೇ ತೀರ್ಮಾನ ಮಾಡಿದೆ, ಆಗದು. ಆದರೆ ಓದಿದ ಮಗಳ ಜೊತೆ ವಾದ ಮಾಡುವ ಮಾತು ನನ್ನಲ್ಲಿಲ್ಲ. ಅವಳು ಹತ್ತು ಹೇಳಿದರೆ ನನಗೆ ಒಂದು ಹೊಳೆಯುವುದು ಮರುದಿನ. ನನಗೆ ಬರುವುದು ಪದ್ಧತಿ ನಡೆಸುವುದು. ಸರಿ, ಅದನ್ನೇ ಪೂರ್ತಿ ನಡೆಸುತ್ತೇನೆ ಅಂದುಕೊಂಡೆ.

ಮಗಳು ಕುಂಡದಲ್ಲಿ ಒಂದು ಕರಿಬೇವಿನ ಗಿಡ ಸಾಕಿದ್ದಳು. ಚಳಿಗಾಲದಲ್ಲಿ ಅದಕ್ಕೆ ಪ್ರತ್ಯೇಕ ದೀಪ. ಎಲೆ ಕೀಳುವಾಗಲೂ ಕೇಳಿ ಕೀಳಬೇಕು. ನಾನು ಕೇಳದೆ ಒಂದು ದೊಡ್ಡ ರೆಂಬೆ ಕತ್ತರಿಸಿ, ನೂಲು ತಂದು ಮುಂಬಾಗಿಲಿಗೆ ಕಟ್ಟಿದೆ. ಕರೆಗಂಟೆಯಲ್ಲಿ ಕ್ಯಾಮೆರಾ ಇರುವುದು ಮರೆತುಹೋಗಿತ್ತು. ಮೇಲಿನ ಕೋಣೆಯಲ್ಲಿ ಮೀಟಿಂಗ್‌ನಲ್ಲಿದ್ದ ಮಗಳ ಫೋನಿನಲ್ಲಿ ನನ್ನ ಕೈ, ಕತ್ತರಿ, ಅವಳ ಗಿಡದ ರೆಂಬೆ ಎಲ್ಲ ಕಂಡಿತಂತೆ. ಇಳಿದು ಬಂದಳು.

“ಏನಮ್ಮ ಇದು, ಯಾವ ಹಬ್ಬ? ಅರ್ಧ ಗಿಡ ಬೋಳಿಸಿದ್ದೀಯಲ್ಲ.”

“ಈ ಮನೇಲಿ ಅಮ್ಮನ ಪದ್ಧತಿ ಇದೆ ಅಂತ ಬರ್ದಿದ್ದೀಯಲ್ಲ. ಹಾಗಿದ್ಮೇಲೆ ಬಾಗಿಲಿಗೆ ಬೇವು ಬೇಕು. ಇಲ್ಲಿ ಬೇವಿಲ್ಲ, ಕರಿಬೇವು ಕಟ್ದೆ.”

ಅವಳು ನಕ್ಕಳು. “ಪುಟ್ಟಿಗೆ ಏನಾಗಿದೆ ಈಗ? ಅದು ಪೇಪರ್‌ಗೋಸ್ಕರ ಬರ್ದಿದ್ದಮ್ಮ.”

“ಪೇಪರ್‌ಗೊಂದು, ಬಾಗಿಲಿಗೊಂದು ನಮ್ಮಲ್ಲಿ ಇಲ್ಲ,” ಅಂದು ಒಳಗೆ ಹೋದೆ.

ಅಂದಿನಿಂದ ಒಗ್ಗರಣೆ ನಿಲ್ಲಿಸಿದೆ. ಸಾರಿಗೆ ಸಾಸಿವೆಯಿಲ್ಲ, ಇಂಗಿಲ್ಲ. ಪಲ್ಯ ಬೇಯಿಸಿ ಉಪ್ಪು ಹಾಕಿ ಇಳಿಸುವುದು. ಅಳಿಯಂದಿರು ಸಾಧು ಮನುಷ್ಯ, ಈ ವಿಷಯದಲ್ಲಿ ಹೆಂಡತಿಯ ಮಾತಿಗೆ ಅಡ್ಡ ಹೋದವರಲ್ಲ. ಮೊದಲ ದಿನ ಸುಮ್ಮನೆ ಉಂಡರು. ಎರಡನೆಯ ದಿನ ತಟ್ಟೆಯಲ್ಲಿ ಬೆರಳಾಡಿಸುತ್ತಾ, “ಅತ್ತೆ, ಸಾಸಿವೆ ಖಾಲಿ ಆಗಿದ್ರೆ ಹೇಳಿ, ಇಂಡಿಯನ್ ಸ್ಟೋರ್‌ಗೆ ಹೋಗ್ಬರ್ತೀನಿ,” ಅಂದರು. ಡಬ್ಬಿ ತುಂಬ ಇದೆ ಎಂದೆ. ಅವರು ಹೆಂಡತಿಯ ಮುಖ ನೋಡಿದರು, ಅವಳು ತಟ್ಟೆ ನೋಡಿದಳು. ಆಮೇಲೆ ದಿನಾ ಉಪ್ಪಿನಕಾಯಿ ಬಾಟಲಿ ಮೇಜಿನ ಮೇಲೆ ಅವರ ಕೈಗೆಟಕುವ ಹಾಗೆ ಬಂದು ಕೂತಿತು.

ಪುಟ್ಟಿ ಮಾತ್ರ ಕೇಳಿದಳು. “ಅಜ್ಜಿ, ವೈ ಈಸ್ ದೇರ್ ಎ ಪ್ಲಾಂಟ್ ಆನ್ ದ ಡೋರ್?” ಅಮ್ಮನನ್ನು ಕೇಳು ಅಂದೆ. ಅಮ್ಮ, ಅಜ್ಜಿಯನ್ನು ಕೇಳು ಅಂದಳು.

ಪುಟ್ಟಿಯ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ವಾರದ ಕೊನೆಗೆ ಮರಿ ಬರುತ್ತಾನೆ. ಹಾಲ್‌ನಲ್ಲಿ ತನ್ನ ಬಟ್ಟೆಯ ಟೆಂಟ್ ಎಬ್ಬಿಸಿ, ಒಳಗೆ ಎರಡು ದಿಂಬು, ಎರಡು ಟಾರ್ಚು, ಎರಡು ಬಟ್ಟಲು ಜೋಡಿಸಿದ್ದಳು. ಉಪ್ಪಿಲ್ಲದ ಬಿಸ್ಕತ್ತು ಬೇಕೆಂದು ಅಪ್ಪನನ್ನು ಕಾಡಿ ತರಿಸಿಕೊಂಡಿದ್ದಳು, ಅವನಿಗೆ ಉಪ್ಪು ಆಗದು ಎಂದು ಅವಳಿಗೆ ಗೊತ್ತಿತ್ತು. ನಾನು ಆ ಟೆಂಟಿನ ಮುಂದೆ ಹಾದುಹೋಗುವಾಗಲೆಲ್ಲ ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಮಗನ ಮನೆಯವರು ಅಲ್ಲಿಂದ ಹೊರಡುವ ಹಿಂದಿನ ದಿನ ಮಧ್ಯಾಹ್ನ ಮಗಳಿಗೆ ಹೇಳಿದೆ. ಸೊಪ್ಪು ಕಟ್ಟಿದ ಮನೆಗೆ ಆ ಹುಡುಗ ಬರಬಾರದು. ಅವನ ಅಪ್ಪನಿಗೆ ನೀನೇ ಫೋನ್ ಮಾಡಿ ಹೇಳು. ಈ ಮನೆಗೂ ಆ ಮನೆಗೂ ಓಡಾಡುವವಳು ನಾನು; ನೀನು ಆ ಕಾಗದ ಕೊಡುವುದೇ ಆದರೆ ಇನ್ನು ನಾನೂ ಯಾವುದಾದರೂ ಒಂದೇ ಮನೆಯಲ್ಲಿ ಇರಬೇಕಾಗುತ್ತದೆ.

ಅವಳಿಗೆ ಸಿಟ್ಟು ಬಂತು. ಬರಬೇಕಾದದ್ದೇ.

“ನಿನಗೆ ಯಾವಾಗ್ಲೂ ಅವನೇ, ಅವನ ಮಗುನೇ. ನನ್ನ ಮಗು ನಿನ್ನ ಮೊಮ್ಮಗಳಲ್ವಾ?”

“ಇಬ್ರೂ ನನ್ನವರೇ. ಒಬ್ನಿಗೆ ಬೇಕು ಅಂದ್ರೂ ಸಿಗ್ತಿಲ್ಲ. ಇನ್ನೊಬ್ಳಿಗೆ ಸಿಗ್ತಿದೆ. ನಿನಗೆ ಭಯ ಇದ್ರೆ ಭಯ ಅಂತ ಬರಿ. ನಮ್ಮವ್ವನ ತಲೆ ಮೇಲೆ, ಮಾರಮ್ಮನ ತಲೆ ಮೇಲೆ ಹಾಕ್ಬೇಡ. ನಾನು ಬಂದು ಹೌದು ಅನ್ನಲ್ಲ. ಕೇಳಿದ್ರೆ ಇಲ್ಲ ಅಂತೀನಿ.”

ಅಷ್ಟು ಉದ್ದ ಮಾತು ನಾನು ನಿಮ್ಮ ತಾತನ ಮುಂದೆಯೂ ಆಡಿದವಳಲ್ಲ.

ಅವಳು ಫೋನ್ ತೆಗೆದು ತಮ್ಮನಿಗೆ ಮಾಡಿಯೇಬಿಟ್ಟಳು, ನನ್ನೆದುರೇ, ಸ್ಪೀಕರ್ ಹಾಕಿ. ಪುಟ್ಟಿಗೆ ದಡಾರದ ಲಸಿಕೆ ಆಗಿಲ್ಲ ಎಂದಳು. ಅವನು ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

“ಕ್ರಿಸ್‌ಮಸ್‌ನಲ್ಲಿ ಇಬ್ರೂ ಒಂದೇ ಸ್ಪೂನಲ್ಲಿ ಐಸ್‌ಕ್ರೀಮ್ ತಿಂದ್ರಲ್ಲ ಅಕ್ಕಾ,” ಅಂದ. ಆಮೇಲೆ, “ಸರಿ, ಬರಲ್ಲ. ಅವನಿಗೆ ಏನಾದ್ರೂ ಹೇಳ್ತೀನಿ,” ಅಂದು ಇಟ್ಟ.

ಪುಟ್ಟಿ ಟೆಂಟಿನೊಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಹೊರಗೆ ಬರಲಿಲ್ಲ, ಅಳಲೂ ಇಲ್ಲ. ಟಾರ್ಚ್ ಹಚ್ಚುವುದು, ಆರಿಸುವುದು, ಬಟ್ಟೆಯ ಮೇಲೆ ಬೆಳಕು ಹೋಗಿಬರುವುದು ಕಾಣುತ್ತಿತ್ತು.

ಮಗಳು ಅದನ್ನು ನೋಡುತ್ತಾ ನಿಂತವಳು ಅಡುಗೆಮನೆಯ ನೆಲದ ಮೇಲೇ ಕೂತುಬಿಟ್ಟಳು, ಚಿಕ್ಕವಳಿದ್ದಾಗ ಕೂರುತ್ತಿದ್ದ ಹಾಗೆ ಬೀರುವಿಗೆ ಒರಗಿ. ನಾನೂ ಕಷ್ಟಪಟ್ಟು ಪಕ್ಕದಲ್ಲಿ ಕೂತೆ. ಆವತ್ತಿನ ಫಿಟ್ಸ್‌ನ ವಿಷಯವನ್ನು ಅವಳು ಮೊದಲ ಸಲ ಪೂರ್ತಿ ಹೇಳಿದಳು. ಗಂಡ ಊರಲ್ಲಿರಲಿಲ್ಲ. ಹೊರಗೆ ಹಿಮ. ಮಗು ಬಿಲ್ಲಿನ ಹಾಗೆ ಬಾಗಿ ಮೇಲುಗಣ್ಣು ಬಿಟ್ಟಿತ್ತು. ಆಂಬುಲೆನ್ಸ್ ಬರುವ ತನಕ ಮಗು ಸತ್ತೇ ಹೋಯಿತು ಎಂದುಕೊಂಡು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

“ನೀನು ಇರ್ಲಿಲ್ಲಮ್ಮ. ನಾನೊಬ್ಳೇ ಇದ್ದೆ.”

ಎಷ್ಟೋ ವರ್ಷ ಅವಳು ಹೊತ್ತುಕೊಂಡಿದ್ದದ್ದು ಆ ಬಾಗಿಲಲ್ಲಿ ನಿಂತ ಹೊತ್ತು. ಡಾಕ್ಟರು ಮಗುವಿಗೆ ಏನೂ ಆಗಿಲ್ಲ ಎಂದರು, ಸರಿ. ಅಮ್ಮನಿಗೆ ಏನಾಯಿತು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿರಲಿಲ್ಲ.

“ಈ ಸಲ ಇರ್ತೀನಿ. ಜ್ವರ ಬಂದು ಹೋಗೋವರೆಗೂ ಪುಟ್ಟಿ ನನ್ನ ಮಡಿಲಲ್ಲೇ ಇರ್ಲಿ. ನೀನು ನನ್ನ ಪಕ್ಕ ಕೂತ್ಕೋ,” ಅಂದೆ.

ಅವ್ವ ಹೂ ಕೇಳಿ ನಮಗೆಲ್ಲ ಸೂಜಿ ಹಾಕಿಸಿದ್ದನ್ನೂ ಹೇಳಿದೆ. ಆಮೇಲೆ ಅವಳೇ ಕೇಳಿದಳು, ಇಂಜಿನಿಯರಿಂಗ್ ಓದಿದವಳು. “ಅಮ್ಮ, ಅಜ್ಜಿ ಕೇಳಿದ್ರು ಅಂದ್ಯಲ್ಲ, ನಾವೂ ಹೂ ಕೇಳೋಣ್ವಾ?”

ದೇವರ ಗೂಡಿನಲ್ಲಿ ಅಂಗಡಿಯಿಂದ ತಂದ ಸೇವಂತಿಗೆ ಇತ್ತು. ಒಂದು ಗಳಿಗೆ ಯೋಚಿಸಿದೆ. ಕೇಳಿದ ಮೇಲೆ ಎಡಕ್ಕೆ ಬಿದ್ದರೂ ಒಪ್ಪಬೇಕು. ನಾನು ಒಪ್ಪಲು ತಯಾರಿರಲಿಲ್ಲ. ತಯಾರಿಲ್ಲದವಳು ಕೇಳಬಾರದು. ಬೇಡ, ಕೈಮುಗಿದು ಹೊರಡೋಣ ಎಂದೆ. ಅವ್ವ ಕೇಳಿದ್ದಳು, ನಾನು ಕೇಳಲಿಲ್ಲ.

ಅರ್ಜಿಗೆಂದು ಹಿಡಿದಿದ್ದ ಅಪಾಯಿಂಟ್‌ಮೆಂಟಿಗೇ ಹೋದೆವು. ಡಾಕ್ಟರು ನನ್ನ ವಯಸ್ಸಿನ ಹೆಂಗಸು, ಅಮೆರಿಕದವರು. ಮಗಳು ಅರ್ಜಿ ತಂದಿಲ್ಲ, ಲಸಿಕೆ ಹಾಕಿಸುತ್ತೇವೆ ಎಂದಾಗ ಅವರು ಮುಖದಲ್ಲಿ ಗೆದ್ದವರ ಭಾವ ತೋರಿಸಲಿಲ್ಲ. ಅದಕ್ಕೆ ನಾನು ಅವರನ್ನು ಇಂದಿಗೂ ನೆನೆಯುತ್ತೇನೆ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದಡಾರದ ಲಸಿಕೆಯ ಜ್ವರ ಆ ದಿನವೇ ಬರುವುದಿಲ್ಲ, ಬಂದರೆ ಒಂದೆರಡು ವಾರದೊಳಗೆ ಬರುತ್ತದೆ, ಆಗ ಏನು ಕೊಡಬೇಕು, ಫಿಟ್ಸ್ ಬಂದರೆ ಹೇಗೆ ಮಲಗಿಸಬೇಕು, ಯಾವಾಗ ಆಂಬುಲೆನ್ಸ್ ಕರೆಯಬೇಕು ಎಂದು ಮಗಳಿಗೆ ಎರಡೆರಡು ಸಲ ಹೇಳಿದರು. ಬಾಕಿಯಿದ್ದ ಬೇರೆ ಲಸಿಕೆಗಳಿಗೂ ಒಂದೊಂದಾಗಿ ಕ್ರಮ ಹಾಕಿಕೊಟ್ಟರು. ನನ್ನನ್ನು ನೋಡಿ ಏನಾದರೂ ಕೇಳುವುದಿದೆಯೇ ಎಂದರು. ನಾನು ಸೆರಗು ಸರಿಮಾಡಿಕೊಂಡೆ. ನನಗೆ ಬರುವ ಇಂಗ್ಲಿಷಿನಲ್ಲೇ, “ಐ ವಿಲ್ ಹೋಲ್ಡ್ ಹರ್,” ಅಂದೆ.

ಪುಟ್ಟಿ ಕಿರುಚಿದ್ದು ಪಾರ್ಕಿಂಗ್‌ನವರೆಗೂ ಕೇಳಿಸಿರಬೇಕು. ಮುಗಿದ ಮೇಲೆ ತನಗಾಗಿ ಒಂದು, ಮರಿಗಾಗಿ ಒಂದು ಸ್ಟಿಕ್ಕರ್ ಕೇಳಿ ತೆಗೆದುಕೊಂಡಳು.

ಮನೆಗೆ ಬಂದು ನಾನು ಸಾಸಿವೆ ಡಬ್ಬಿ ತೆಗೆದೆ. ಮಗಳು ತಡೆದಳು. “ಆ ಜ್ವರ ಬಂದು ಹೋಗ್ಲಿ ಅಮ್ಮ, ಆಮೇಲೆ ಹಾಕು.” ಅಳಿಯಂದಿರು ಎದ್ದು ಹೋಗಿ ಉಪ್ಪಿನಕಾಯಿಯ ಇನ್ನೊಂದು ಬಾಟಲಿ ತಂದರು.

ಜ್ವರ ಬಂತು. ಮುಂದಿನ ವಾರ ಒಂದು ಮಧ್ಯಾಹ್ನ ಪುಟ್ಟಿಯ ಮೈ ಬೆಚ್ಚಗಾಯಿತು. ಥರ್ಮಾಮೀಟರು ನೂರೊಂದು ತೋರಿಸಿತು. ಮಗಳ ಮುಖ ಬಿಳಿಚಿತು, ಆದರೆ ಕೈ ತಪ್ಪಲಿಲ್ಲ. ಡಾಕ್ಟರು ಹೇಳಿದ ಔಷಧಿ ಅಳೆದು ಕೊಟ್ಟಳು. ನಾನು ಸೋಫಾದ ಮೇಲೆ ಪುಟ್ಟಿಯನ್ನು ಮಡಿಲಲ್ಲಿ ಹಾಕಿಕೊಂಡು ಕೂತೆ, ಮಗಳು ಪಕ್ಕದಲ್ಲಿ ಅವಳ ಪಾದ ಹಿಡಿದುಕೊಂಡು. ಟಿವಿಯಲ್ಲಿ ಬೊಂಬೆಗಳು ಕುಣಿಯುತ್ತಿದ್ದವು, ನಾವಿಬ್ಬರೂ ನೋಡಿದ್ದು ಪುಟ್ಟಿಯ ಕಣ್ಣನ್ನೇ. ಅವಳು ಮಲಗಿದಳು. ಸಂಜೆಯ ಹೊತ್ತಿಗೆ ನನ್ನ ಸೀರೆ ಒದ್ದೆಯಾಗುವಷ್ಟು ಬೆವರಿ ಎದ್ದು ದೋಸೆ ಕೇಳಿದಳು. ಮಗಳು ದೋಸೆ ಹುಯ್ಯುತ್ತಾ ಅತ್ತಳು. ಪುಟ್ಟಿಯ ಪಾಲಿಗೆ ಅದು ಮಾಮೂಲಿ ದೋಸೆ.

ಮಗ ಮರಿಯ ಡಾಕ್ಟರನ್ನು ಕೇಳಿ, ಅವರು ಸರಿ ಎಂದ ಮೇಲೆ ಹುಡುಗನನ್ನು ಕರೆದುಕೊಂಡು ಆಗಸ್ಟ್‌ನಲ್ಲಿ ಬಂದ. ಅವನು ಡಿಕ್ಕಿಯಿಂದ ಚೀಲ ಇಳಿಸಿದ, ಅಕ್ಕ ಎತ್ತಿಕೊಂಡಳು. ಮರಿ ಮಾತ್ರ ಹೊಸಿಲಲ್ಲೇ ನಿಂತು ಬಾಗಿಲ ಮೇಲೆ ಒಣಗಿ ಮುರುಟಿದ್ದ ರೆಂಬೆಯನ್ನು ನೋಡಿದ. ಒಳಗೆ ಬರಬಹುದಾ ಎಂದು ಇಂಗ್ಲಿಷಿನಲ್ಲಿ ಕೇಳಿದ. ಎಲ್ಲಿಗೂ ಹೋಗುವಂತಿಲ್ಲ ಎಂದು ಕೇಳಿ ಕೇಳಿ ಅಭ್ಯಾಸವಾದ ಮಗು.

ಮಗಳು ಚೀಲ ಕೆಳಗಿಟ್ಟು, ತುದಿಗಾಲಲ್ಲಿ ನಿಂತು ನೂಲು ಬಿಚ್ಚಿದಳು.

“ಬಾರೋ ಮರಿ, ಬಾ,” ಅಂದಳು. ಅವನು ಓಡಿದ. ಟೆಂಟು ಅದೇ ಜಾಗದಲ್ಲಿತ್ತು.

ರೆಂಬೆ ಹಿಡಿದುಕೊಂಡೇ ಅವಳು ಅಡುಗೆಮನೆಗೆ ಬಂದಳು. ಬಾಣಲೆಯಲ್ಲಿ ಎಣ್ಣೆ ಕಾದಿತ್ತು. ನಾನು ಸಾಸಿವೆ ಹಾಕಿದೆ. ಅವಳು ಒಣಗಿದ ಎಲೆಗಳನ್ನು ಎರಡೂ ಕೈಯಲ್ಲಿ ಸವರಿ ಉದುರಿಸಿದಳು.

ಚುರ್ ಎಂದು ಮನೆಯೆಲ್ಲ ಸದ್ದಾಯಿತು. ಹೊಗೆಯ ಅಲಾರಂ ಬೇರೆ ಕೂಗಲು ಶುರುವಾಯಿತು, ಅಳಿಯಂದಿರು ನ್ಯೂಸ್‌ಪೇಪರ್ ಬೀಸುತ್ತಾ ಓಡಿ ಬಂದರು. ಅವರು ಯಾರನ್ನೂ ಬೈಯಲಿಲ್ಲ.